ಕೈಗಿಂತ ಮುಂದೆ ಓಡಬೇಕಾದ ಕಣ್ಣು

ರೂಬಿಕ್ಸ್ ಕ್ಯೂಬ್ ಬಿಡಿಸಲು ಕಲಿತವರೆಲ್ಲ ಕೆಲವು ವಾರಗಳಲ್ಲಿ ಒಂದು ಕಡೆ ಬಂದು ನಿಂತುಬಿಡುತ್ತಾರೆ. ಮೂರು ನಿಮಿಷ ಹಿಡಿಯುತ್ತಿದ್ದದ್ದು ಎರಡಕ್ಕೆ ಬರುತ್ತದೆ, ಎರಡು ಒಂದೂವರೆಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಎಷ್ಟು ಒದ್ದಾಡಿದರೂ ಟೈಮರ್ ಜಗ್ಗುವುದಿಲ್ಲ. ಆಗ ಹೆಚ್ಚಿನವರು ಮಾಡುವುದು ಒಂದೇ: ಬೆರಳುಗಳನ್ನು ಇನ್ನಷ್ಟು ಜೋರಾಗಿ ಓಡಿಸುವುದು. ಸಣ್ಣದೊಂದು ಲೆಕ್ಕ ಹಾಕಿದರೆ ಈ ಮದ್ದು ಈ ರೋಗಕ್ಕಲ್ಲ ಎಂದು ಗೊತ್ತಾಗುತ್ತದೆ.

ಹೊಸಬರು ಕಲಿಯುವುದು ಕ್ಯೂಬನ್ನು ಪದರ ಪದರವಾಗಿ ಬಿಡಿಸುವ ವಿಧಾನ. ಅದರಲ್ಲಿ ಒಂದು ಸಲ ಮುಗಿಸಲು ನೂರಕ್ಕೂ ಹೆಚ್ಚು ತಿರುವುಗಳು ಬೇಕು; 120 ಎಂದಿಟ್ಟುಕೊಳ್ಳೋಣ. 90 ಸೆಕೆಂಡಿಗೆ 120 ತಿರುವು ಎಂದರೆ ಮೂರು ಸೆಕೆಂಡಿಗೆ ನಾಲ್ಕು. ಇದೇ ವ್ಯಕ್ತಿಗೆ ಬಾಯಿಪಾಠವಾದ ಒಂದು ತಿರುವಿನ ಸರಣಿಯನ್ನು ಮಾಡಿ ತೋರಿಸಲು ಹೇಳಿ. ಸೆಕೆಂಡಿಗೆ ನಾಲ್ಕು ತಿರುವುಗಳನ್ನು ಸಲೀಸಾಗಿ ಹಾಕುತ್ತಾರೆ. ಆ ಲೆಕ್ಕದಲ್ಲಿ 120 ತಿರುವಿಗೆ ಬೇಕಾದದ್ದು ಅರ್ಧ ನಿಮಿಷ. ಉಳಿದ ಒಂದು ನಿಮಿಷ ಕ್ಯೂಬ್ ತಿರುಗುತ್ತಲೇ ಇರುವುದಿಲ್ಲ. ಅದನ್ನು ಅತ್ತಿತ್ತ ಹೊರಳಿಸುತ್ತ, ಬೇಕಾದ ತುಂಡು ಎಲ್ಲಿದೆ ಎಂದು ಹುಡುಕುತ್ತ ಕಳೆದ ಹೊತ್ತು ಅದು. ವೇಗವಾಗಿ ಕ್ಯೂಬ್ ಬಿಡಿಸುವ ಹವ್ಯಾಸದ ಬಹುಪಾಲು ಕಲಿಕೆ ಈ ಒಂದು ನಿಮಿಷವನ್ನು ಕರಗಿಸುವುದರಲ್ಲಿದೆ.

ಬಣ್ಣ ಬಿಟ್ಟು ತುಂಡು ನೋಡಿ

ಎರ್ನೋ ರೂಬಿಕ್ ಬುಡಾಪೆಸ್ಟ್‌ನಲ್ಲಿ ವಿನ್ಯಾಸದ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದವರು. 1974ರಲ್ಲಿ ಅವರು ಈ ಘನವನ್ನು ಮೊದಲು ಮರದಲ್ಲಿ ಮಾಡಿದರು. ಮುಖಗಳಿಗೆ ಬಣ್ಣ ಕೊಟ್ಟು ನಾಲ್ಕಾರು ಸಲ ತಿರುಗಿಸಿದ ಮೇಲೆ ಅದನ್ನು ಮೊದಲಿನ ಸ್ಥಿತಿಗೆ ತರಲು ಅದನ್ನು ಮಾಡಿದವರಿಗೇ ಒಂದು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಹಂಗೆರಿಯ ಅಂಗಡಿಗಳಿಗೆ ಅದು 1977ರಲ್ಲಿ 'ಮಾಯಾ ಘನ' ಎಂಬ ಅರ್ಥದ ಹೆಸರಿನಲ್ಲಿ ಬಂತು. 1980ರಲ್ಲಿ ಅಮೆರಿಕದ ಐಡಿಯಲ್ ಟಾಯ್ ಕಂಪನಿ ಅದಕ್ಕೆ ರೂಬಿಕ್ಸ್ ಕ್ಯೂಬ್ ಎಂದು ಹೆಸರಿಟ್ಟು ಜಗತ್ತಿಗೆಲ್ಲ ಮಾರಿತು.

ಮೊದಲ ಸಲ ಕೈಗೆತ್ತಿಕೊಂಡವರಿಗೆ ಕಾಣುವುದು 54 ಬಣ್ಣದ ಚೌಕಗಳು. ಒಂದು ಮುಖವನ್ನು ಪೂರ್ತಿ ಬಿಳಿ ಮಾಡಿ, ಇನ್ನು ಐದು ಮುಖ ಉಳಿದವು ಎಂದುಕೊಳ್ಳುತ್ತಾರೆ. ಎರಡನೆಯ ಮುಖಕ್ಕೆ ಕೈ ಹಾಕಿದ ಕೂಡಲೇ ಮೊದಲನೆಯದು ಕೆಡುತ್ತದೆ. ಕ್ಯೂಬಿನಲ್ಲಿ ಇರುವುದು ಚೌಕಗಳಲ್ಲ, 26 ತುಂಡುಗಳು. ಅವುಗಳಲ್ಲಿ ಆರು ನಡುವಿನ ತುಂಡುಗಳು ಒಳಗಿನ ತಿರುಳಿಗೆ ಕಚ್ಚಿಕೊಂಡಿವೆ. ನಿಂತಲ್ಲೇ ಸುತ್ತುತ್ತವೆಯೇ ಹೊರತು ಜಾಗ ಬಿಡುವುದಿಲ್ಲ. ಸಾಮಾನ್ಯ ಕ್ಯೂಬಿನಲ್ಲಿ ಬಿಳಿಯ ಎದುರಿಗೆ ಯಾವಾಗಲೂ ಹಳದಿ, ನೀಲಿಯ ಎದುರಿಗೆ ಹಸಿರು, ಕೆಂಪಿನ ಎದುರಿಗೆ ಕಿತ್ತಳೆ. ಹಾಗಾಗಿ ಯಾವ ಮುಖ ಯಾವ ಬಣ್ಣವಾಗಬೇಕು ಎಂಬುದನ್ನು ನಡುವಿನ ತುಂಡು ಮೊದಲೇ ಹೇಳಿಬಿಟ್ಟಿರುತ್ತದೆ. ಊರೂರು ಸುತ್ತುವವು ಉಳಿದ 20: ಮೂರು ಬಣ್ಣದ ಎಂಟು ಮೂಲೆಗಳು, ಎರಡು ಬಣ್ಣದ ಹನ್ನೆರಡು ಅಂಚುಗಳು. 'ಬಿಳಿ ಚೌಕ ಎಲ್ಲಿ' ಎಂದು ಹುಡುಕುವುದನ್ನು ಬಿಟ್ಟು 'ಬಿಳಿ-ಕೆಂಪು-ನೀಲಿ ಮೂಲೆ ಎಲ್ಲಿ' ಎಂದು ಹುಡುಕಲು ತೊಡಗಿದ ದಿನ ಕಲಿಕೆ ನಿಜವಾಗಿ ಶುರುವಾಯಿತು ಎನ್ನಬಹುದು.

ಈ 20 ತುಂಡುಗಳು ಎಷ್ಟು ಬಗೆಯಲ್ಲಿ ಕೂರಬಲ್ಲವು? 4,32,52,00,32,74,48,98,56,000. ಅಂದರೆ ಸುಮಾರು 4,32,000 ಕೋಟಿ ಕೋಟಿ. ಸೆಕೆಂಡಿಗೆ ಒಂದರಂತೆ ಇವನ್ನೆಲ್ಲ ನೋಡಿ ಮುಗಿಸಲು ವಿಶ್ವದ ಈವರೆಗಿನ ಆಯಸ್ಸಿನ ನೂರು ಪಟ್ಟು ಕಾಲ ಬೇಕು. ಆದ್ದರಿಂದ ತಿರುಗಿಸುತ್ತ ಹೋದರೆ ಯಾವತ್ತಾದರೂ ತಾನಾಗಿ ಸರಿಹೋದೀತು ಎಂಬ ಆಸೆಗೆ ಇಲ್ಲಿ ಜಾಗವಿಲ್ಲ.

ಇಷ್ಟು ದೊಡ್ಡ ಸಂಖ್ಯೆಯೂ ಒಂದು ಕಟ್ಟುಪಾಡಿಗೆ ಒಳಪಟ್ಟದ್ದು. ಕ್ಯೂಬನ್ನು ಬಿಚ್ಚಿ, ತುಂಡುಗಳನ್ನು ಮನಬಂದಂತೆ ಮತ್ತೆ ಜೋಡಿಸಿದರೆ ಇದರ 12 ಪಟ್ಟು ಜೋಡಣೆಗಳು ಸಾಧ್ಯ. ಅವುಗಳಲ್ಲಿ ಹನ್ನೆರಡರಲ್ಲಿ ಒಂದು ಮಾತ್ರ ತಿರುವುಗಳಿಂದ ಬಿಡಿಸಲು ಬರುವಂಥದು. ಒಂದೇ ಒಂದು ಮೂಲೆಯನ್ನು ನಿಂತಲ್ಲೇ ತಿರುಚಲು ತಿರುವುಗಳಿಂದ ಆಗದು. ಒಂದೇ ಅಂಚನ್ನು ಮಗುಚಲು ಆಗದು. ಬೇರೆಲ್ಲ ತುಂಡುಗಳು ಇದ್ದಲ್ಲೇ ಇರುವಾಗ ಎರಡನ್ನು ಮಾತ್ರ ಅದಲುಬದಲು ಮಾಡಲೂ ಆಗದು. ಹೊಸಬರಿಗೆ ಇದು ಬಹಳ ಉಪಯೋಗದ ಸಂಗತಿ. ಎಲ್ಲ ಮುಗಿದು ಒಂದೇ ಒಂದು ಮೂಲೆ ತಿರುಚಿಕೊಂಡು ಉಳಿದಿದ್ದರೆ ತಪ್ಪು ನಿಮ್ಮದಲ್ಲ. ಕ್ಯೂಬ್ ಯಾವಾಗಲೋ ಕೆಳಗೆ ಬಿದ್ದಿದೆ, ಇಲ್ಲವೇ ಯಾರೋ ಅದನ್ನು ಬಿಚ್ಚಿ ತಪ್ಪಾಗಿ ಜೋಡಿಸಿದ್ದಾರೆ. ಆ ಮೂಲೆಯನ್ನು ಬೆರಳಿನಿಂದ ತಿರುಚಿ ಸರಿಮಾಡಿಕೊಂಡು ಮುಂದುವರಿಯಬಹುದು.

ನಾಲ್ಕು ತಿರುವು, ಏಳು ತುಂಡು

ಕ್ಯೂಬಿನ ಸೂತ್ರಗಳನ್ನು, ಅಂದರೆ ತಿರುವುಗಳ ಸಿದ್ಧ ಸರಣಿಗಳನ್ನು, ಅರ್ಥ ಗೊತ್ತಿಲ್ಲದೆ ಉರುಹೊಡೆಯುವುದು ನನಗೆ ಸರಿ ಕಾಣುವುದಿಲ್ಲ. ಒಂದನ್ನಾದರೂ ಬಿಡಿಸಿ ನೋಡಬೇಕು. ಎಲ್ಲರೂ ಮೊದಲು ಕಲಿಯುವ ಸರಣಿಯನ್ನೇ ತೆಗೆದುಕೊಳ್ಳೋಣ: ಆರ್, ಯು, ಆರ್ ಪ್ರೈಮ್, ಯು ಪ್ರೈಮ್. ಆರ್ ಎಂದರೆ ಬಲಗಡೆಯ ಪದರ, ಯು ಎಂದರೆ ಮೇಲಿನ ಪದರ. ಬರಿಯ ಅಕ್ಷರವಿದ್ದರೆ ಆ ಮುಖವನ್ನು ಎದುರಿನಿಂದ ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಕಾಲು ಸುತ್ತು, ಪ್ರೈಮ್ ಸೇರಿದರೆ ಅದರ ವಿರುದ್ಧ ದಿಕ್ಕಿಗೆ. ಗಣಿತಜ್ಞ ಡೇವಿಡ್ ಸಿಂಗ್‌ಮಾಸ್ಟರ್ ಬಳಕೆಗೆ ತಂದ ಈ ಬರವಣಿಗೆಯನ್ನೇ ಇವತ್ತಿಗೂ ಜಗತ್ತಿನ ಎಲ್ಲೆಡೆ ಬಳಸುತ್ತಾರೆ.

ಈಗ ಕೈಯಲ್ಲಿ ಮಾಡಿ ನೋಡಿ. ಎಡಗೈ ಕ್ಯೂಬನ್ನು ಅಲುಗದಂತೆ ಹಿಡಿದಿರಲಿ. ಬಲ ಮಣಿಕಟ್ಟು ಮೇಲಕ್ಕೆ ಹೊರಳಿದರೆ ಬಲ ಪದರ ಮೇಲೇಳುತ್ತದೆ. ಬಲ ತೋರುಬೆರಳು ಮೇಲಿನ ಪದರದ ಹಿಂಬದಿ ಮೂಲೆಯನ್ನು ನಿಮ್ಮತ್ತ ಎಳೆಯುತ್ತದೆ. ಮಣಿಕಟ್ಟು ಕೆಳಕ್ಕೆ ಹೊರಳಿದರೆ ಬಲ ಪದರ ಮೊದಲಿನ ಜಾಗಕ್ಕೆ ಬರುತ್ತದೆ. ಎಡ ತೋರುಬೆರಳು ಮೇಲಿನ ಪದರವನ್ನು ಆ ಕಡೆಯಿಂದ ಎಳೆಯುತ್ತದೆ. ನಾಲ್ಕೂ ತಿರುವುಗಳಲ್ಲಿ ಹಿಡಿತ ಒಮ್ಮೆಯೂ ಬಿಡಬೇಕಾಗಿಲ್ಲ. ಫಿಂಗರ್ ಟ್ರಿಕ್ ಎನ್ನುವುದು ಇದಕ್ಕೇ.

ಮೊದಲು ಬಲ ಪದರ, ಆಮೇಲೆ ಮೇಲಿನ ಪದರ, ಆಮೇಲೆ ಮೊದಲನೆಯದು ವಾಪಸ್, ಎರಡನೆಯದೂ ವಾಪಸ್. ಎರಡನ್ನೂ ಹಿಂದಕ್ಕೆ ತಿರುಗಿಸಿದರೂ ಕ್ಯೂಬ್ ಮೊದಲಿನಂತಿರುವುದಿಲ್ಲ, ಏಕೆಂದರೆ ಎರಡೂ ಪದರಗಳಿಗೆ ಸೇರಿದ ತುಂಡುಗಳು ನಡುವೆ ಪದರ ಬದಲಿಸಿಕೊಂಡಿವೆ. ಬಲ ಪದರಕ್ಕೂ ಮೇಲಿನ ಪದರಕ್ಕೂ ಸಾಮಾನ್ಯವಾದ ತುಂಡುಗಳು ಮೂರೇ ಮೂರು, ಎರಡು ಮೂಲೆ ಮತ್ತು ಒಂದು ಅಂಚು. ಆದ್ದರಿಂದ ಒಟ್ಟು ಜಾಗ ಬಿಟ್ಟು ಹೋಗುವವು ನಾಲ್ಕು ಮೂಲೆ, ಮೂರು ಅಂಚು. ಮಿಕ್ಕ 13 ತುಂಡುಗಳು ಇದ್ದಲ್ಲೇ ಇವೆ. ಬಿಡಿಸಿದ ಭಾಗವನ್ನು ಕೆಡಿಸದೆ ಬೇಕಾದ ಕೆಲವೇ ತುಂಡುಗಳನ್ನು ಸರಿಸುವ ಎಷ್ಟೋ ಸೂತ್ರಗಳ ಬೇರು ಈ ಉಪಾಯದಲ್ಲಿದೆ. ಗಣಿತದಲ್ಲಿ ಇದನ್ನು ಕಮ್ಯುಟೇಟರ್ ಎನ್ನುತ್ತಾರೆ.

ಇದೇ ಸರಣಿಯನ್ನು ಮತ್ತೆ ಮತ್ತೆ ಮಾಡಿ. ಮೂರು ಅಂಚುಗಳು ಒಂದರ ಜಾಗಕ್ಕೆ ಇನ್ನೊಂದು ಬರುತ್ತ ಚಕ್ರ ಹಾಕುತ್ತವೆ. ಮೂರನೆಯ ಸಲಕ್ಕೆ ಮನೆಗೆ ಬರುತ್ತವೆ. ನಾಲ್ಕು ಮೂಲೆಗಳು ಎರಡೆರಡರ ಜೋಡಿಯಾಗಿ ಜಾಗ ಬದಲಿಸುತ್ತವೆ; ಎರಡು ಸಲಕ್ಕೊಮ್ಮೆ ಮನೆಗೆ ಬಂದರೂ ತಿರುಚಿಕೊಂಡಿರುತ್ತವೆ, ಆ ತಿರುಚು ಬಿಡಲು ಮೂರು ಸಲ ಹಾಗೆ ಬರಬೇಕು. ಹಾಗಾಗಿ ಆರನೆಯ ಸಲಕ್ಕೆ ಕ್ಯೂಬ್ ಪೂರ್ತಿ ಮೊದಲಿನಂತಾಗುತ್ತದೆ. ಬಿಡಿಸಿಟ್ಟ ಕ್ಯೂಬಿನ ಮೇಲೆ ಮಕ್ಕಳ ಮುಂದೆ ಇದನ್ನು ಮಾಡಿ ತೋರಿಸಿ, ಅವರ ಕಣ್ಣು ನೋಡಿ! ಇನ್ನು ಆರ್, ಯು ಎರಡನ್ನೇ ಮರಳಿ ಮರಳಿ ಮಾಡುತ್ತ ಹೋದರೆ ಮೊದಲಿನ ಸ್ಥಿತಿ ಬರುವುದು 105ನೆಯ ಸಲಕ್ಕೆ.

ಕಲಿಯುವವರಿಗೆ ಇದರಿಂದ ನೇರ ಲಾಭವಿದೆ. ಬಿಳಿ ಮುಖವನ್ನು ಕೆಳಗಿಟ್ಟು, ಬಿಳಿ ಮೂಲೆಯೊಂದನ್ನು ಅದರ ಜಾಗದ ನೇರ ಮೇಲೆ ಮುಂಬಲ ಮೂಲೆಗೆ ತಂದು ಈ ಸರಣಿಯನ್ನು ಮಾಡಿದರೆ, ಒಂದನೆಯ, ಮೂರನೆಯ ಅಥವಾ ಐದನೆಯ ಸಲಕ್ಕೆ ಅದು ಸರಿಯಾಗಿ ಕೂತೇ ಕೂರುತ್ತದೆ. ಬೆಸ ಸಂಖ್ಯೆಯೇ ಏಕೆ ಎಂಬುದು ಮೇಲಿನ ಲೆಕ್ಕದಿಂದ ನಿಮಗೇ ಹೊಳೆದಿರಬೇಕು.

ಚಿಕ್ಕ ದಾರಿ ವೇಗದ ದಾರಿಯಲ್ಲ

ಎಂಥ ಕೆಟ್ಟ ಸ್ಥಿತಿಯಲ್ಲಿರುವ ಕ್ಯೂಬನ್ನಾದರೂ 20 ಅಥವಾ ಅದಕ್ಕಿಂತ ಕಡಿಮೆ ತಿರುವುಗಳಲ್ಲಿ ಬಿಡಿಸಬಹುದು, ಅರ್ಧ ಸುತ್ತನ್ನೂ ಒಂದೇ ತಿರುವು ಎಂದು ಎಣಿಸಿದರೆ. 2010ರಲ್ಲಿ ಟೋಮಸ್ ರೋಕಿಕಿ, ಹರ್ಬರ್ಟ್ ಕೊಸೀಂಬಾ, ಮಾರ್ಲಿ ಡೇವಿಡ್‌ಸನ್, ಜಾನ್ ಡೆತ್‌ರಿಜ್ ಇದನ್ನು ಸಾಧಿಸಿ ತೋರಿಸಿದರು. ಗೂಗಲ್ ಒದಗಿಸಿದ ಕಂಪ್ಯೂಟರುಗಳಲ್ಲಿ ನಡೆದ ಆ ಲೆಕ್ಕವನ್ನು ಒಂದೇ ಕಂಪ್ಯೂಟರಿಗೆ ವಹಿಸಿದ್ದರೆ ಸುಮಾರು 35 ವರ್ಷ ಹಿಡಿಯುತ್ತಿತ್ತು.

ಹಾಗಿದ್ದರೂ ವೇಗದ ಕ್ಯೂಬರುಗಳು ಬಳಸುವ ವಿಧಾನದಲ್ಲಿ 55-60 ತಿರುವುಗಳಾಗುತ್ತವೆ. ಅತಿ ಕಡಿಮೆ ತಿರುವುಗಳ ದಾರಿ ಕಂಪ್ಯೂಟರಿಗೆ ಸುಲಭ. ಅದರಲ್ಲಿ ಕೊನೆಯ ನಾಲ್ಕೈದು ತಿರುವುಗಳವರೆಗೂ ಕ್ಯೂಬ್ ಬಿಡಿಸದಂತೆಯೇ ಕಾಣುತ್ತದೆ, ಮನುಷ್ಯನ ಕಣ್ಣಿಗೆ ನಡುವೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಅತಿ ಕಡಿಮೆ ತಿರುವುಗಳಲ್ಲಿ ಬಿಡಿಸುವ ಸ್ಪರ್ಧೆಯೇ ಬೇರೆ ಇದೆ, ಅದಕ್ಕೆ ಕಾಗದ, ಪೆನ್ನು ಮತ್ತು ಪೂರ್ತಿ ಒಂದು ಗಂಟೆ ಕೊಡುತ್ತಾರೆ. ವೇಗಕ್ಕೆ ಬೇಕಾದದ್ದು ನೋಡಿದ ಕೂಡಲೇ ಗುರುತು ಹತ್ತುವ ಹೆಜ್ಜೆಗಳು.

ಅಂಥ ವಿಧಾನಗಳಲ್ಲಿ ಇವತ್ತು ಹೆಚ್ಚು ಜನ ಹಿಡಿದಿರುವುದು ಸಿಎಫ್‌ಒಪಿ. 1980ರ ದಶಕದ ಆರಂಭದಲ್ಲಿ ಹಲವರು ಬಿಡಿಬಿಡಿಯಾಗಿ ಕಂಡುಕೊಂಡ ಹೆಜ್ಜೆಗಳು ಇದರಲ್ಲಿವೆ. ಅದನ್ನು ತಿದ್ದಿ ಬೆಳೆಸಿ, 1990ರ ದಶಕದ ಕೊನೆಯಲ್ಲಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟವರು ಜೆಸ್ಸಿಕಾ ಫ್ರಿಡ್ರಿಕ್. ಚೆಕೊಸ್ಲೊವಾಕಿಯಾದಲ್ಲಿ ಹುಟ್ಟಿ, ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದವರು. 1982ರಲ್ಲಿ ಬುಡಾಪೆಸ್ಟ್‌ನ ಮೊದಲ ವಿಶ್ವ ಸ್ಪರ್ಧೆಯಲ್ಲಿ ಆಡಿದ್ದ ಅವರು 2003ರಲ್ಲಿ ಟೊರೊಂಟೊದಲ್ಲಿ ಎರಡನೆಯ ಸ್ಥಾನ ಪಡೆದರು. ಇಪ್ಪತ್ತೊಂದು ವರ್ಷಗಳ ಅಂತರದಲ್ಲಿ ಆ ಮಟ್ಟ ಉಳಿಸಿಕೊಂಡದ್ದನ್ನು ನಾನು ಯಾವ ದಾಖಲೆಗೂ ಕಡಿಮೆಯೆಂದು ಎಣಿಸುವುದಿಲ್ಲ.

ಈ ವಿಧಾನದಲ್ಲಿ ಮೊದಲು ಕೆಳಮುಖದಲ್ಲಿ ಬಿಳಿಯ ನಾಲ್ಕು ಅಂಚುಗಳನ್ನು ಕೂಡುಗುರುತಿನಂತೆ ಕೂರಿಸುತ್ತಾರೆ. ಆಮೇಲೆ ಒಂದು ಮೂಲೆ ಮತ್ತು ಅದಕ್ಕೆ ಹೊಂದುವ ಅಂಚನ್ನು ಮೇಲಿನ ಪದರದಲ್ಲೇ ಜೋಡಿಮಾಡಿ ಒಟ್ಟಿಗೆ ಕೆಳಗಿಳಿಸುತ್ತಾರೆ. ಹೀಗೆ ನಾಲ್ಕು ಜೋಡಿಗಳಾದರೆ ಎರಡು ಪದರ ಮುಗಿದವು. ಉಳಿದ ಕೊನೆಯ ಪದರದಲ್ಲಿ ಮೊದಲು ಮೇಲ್ಮುಖವನ್ನೆಲ್ಲ ಹಳದಿ ಮಾಡುವುದು, ಅದಕ್ಕೆ 57 ಸನ್ನಿವೇಶಗಳು. ಆಮೇಲೆ ತುಂಡುಗಳನ್ನು ಅವುಗಳ ಜಾಗಕ್ಕೆ ಕಳಿಸುವುದು, ಅದಕ್ಕೆ 21.

57 ಮತ್ತು 21 ಸೇರಿ 78 ಸೂತ್ರಗಳು ಎಂದ ಕೂಡಲೇ ಎಷ್ಟೋ ಮಂದಿ ಕ್ಯೂಬ್ ಕೆಳಗಿಡುತ್ತಾರೆ. ಆರಂಭದಲ್ಲಿ ಅವೆಲ್ಲ ಬೇಕಾಗಿಯೇ ಇಲ್ಲ. ಎರಡೂ ಹೆಜ್ಜೆಗಳನ್ನು ಎರಡೆರಡಾಗಿ ಒಡೆದರೆ 16 ಸೂತ್ರಗಳು ಸಾಕು, ಅರ್ಧ ನಿಮಿಷದ ಒಳಗೆ ಬರಲು ಅವು ಧಾರಾಳ. ಹೊಸಬರು ತಮ್ಮ ಸಮಯವನ್ನು ಸುರಿಯಬೇಕಾದದ್ದು ನಡುವಿನ ನಾಲ್ಕು ಜೋಡಿಗಳ ಮೇಲೆ. ಇಡೀ ಸಾಲ್ವ್‌ನ ಅತಿ ದೊಡ್ಡ ಪಾಲು ಅಲ್ಲಿದೆ, ಮೊದಲು ಲೆಕ್ಕ ಹಾಕಿದ ಹುಡುಕಾಟದ ಹೊತ್ತಿನ ಹೆಚ್ಚಿನ ಭಾಗವೂ ಅಲ್ಲೇ ಅಡಗಿದೆ. ಆ ಜೋಡಿಗಳ ಸೂತ್ರಪಟ್ಟಿಯನ್ನು ಬಾಯಿಪಾಠ ಮಾಡಬೇಡಿ. ಒಂದು ಮೂಲೆ, ಒಂದು ಅಂಚನ್ನು ಮೇಲೆ ತಂದುಕೊಂಡು, ಅವು ಹೇಗೆ ಹತ್ತಿರ ಬರುತ್ತವೆ, ಯಾವಾಗ ದೂರವಾಗುತ್ತವೆ ಎಂದು ನಿಧಾನವಾಗಿ ತಿರುಗಿಸಿ ನೋಡಿ.

ನಿಧಾನಿಸಿದವರು ಬೇಗ ಮುಗಿಸುತ್ತಾರೆ

1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬ ವಿಜ್ಞಾನಿಗಳು ಚೆಸ್ ಆಟಗಾರರ ನೆನಪನ್ನು ಪರೀಕ್ಷಿಸಿದ ಅಧ್ಯಯನ ಪ್ರಕಟವಾಯಿತು. ನಿಜವಾದ ಆಟದ ನಡುವಿನ ಹಲಗೆಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ, ಪಳಗಿದ ಆಟಗಾರ ಕಾಯಿಗಳನ್ನು ಬಹುಮಟ್ಟಿಗೆ ಮರಳಿ ಜೋಡಿಸಬಲ್ಲ. ಹೊಸಬನಿಗೆ ನಾಲ್ಕಾರು ಕಾಯಿಗಳಷ್ಟೇ ನೆನಪಿರುತ್ತವೆ. ಕಾಯಿಗಳನ್ನು ಅರ್ಥವಿಲ್ಲದಂತೆ ಚೆಲ್ಲಾಪಿಲ್ಲಿ ಇಟ್ಟರೆ ಇಬ್ಬರ ನಡುವಿನ ಅಂತರ ಬಹುತೇಕ ಅಳಿಸಿಹೋಗುತ್ತದೆ. ಪಳಗಿದವನ ನೆನಪು ದೊಡ್ಡದಲ್ಲ, ಅವನು ನೋಡುವ ತುಣುಕು ದೊಡ್ಡದು. ಕಾಗುಣಿತ ಕಲಿಯುವ ಮಗು ಅಕ್ಷರ ಕೂಡಿಸಿ ಕೂಡಿಸಿ ಓದುತ್ತದೆ, ನಾವು ಇಡೀ ಪದವನ್ನೇ ಒಂದೇಟಿಗೆ ಓದುತ್ತೇವೆ; ಕ್ಯೂಬಿನಲ್ಲೂ ಆಗುವುದು ಇದೇ. ಹೊಸಬನಿಗೆ ಎರಡು ತುಂಡು, ಐದು ಬಣ್ಣದ ಚೌಕ, ಏಳೆಂಟು ತಿರುವುಗಳಾಗಿ ಕಾಣುವುದು ಅಭ್ಯಾಸವಾದವನಿಗೆ ಒಂದೇ ಆಕೃತಿ.

ಆಕೃತಿ ಒಂದೇ ನೋಟಕ್ಕೆ ಸಿಕ್ಕಿತೆಂದರೆ ಕೈ ಅದನ್ನು ಮುಗಿಸುವಷ್ಟು ಹೊತ್ತು ಕಣ್ಣಿಗೆ ಬಿಡುವು. ಆ ಬಿಡುವಿನಲ್ಲಿ ಮುಂದಿನ ಜೋಡಿಯನ್ನು ಹುಡುಕಿಟ್ಟುಕೊಳ್ಳುವುದಕ್ಕೆ ಕ್ಯೂಬರುಗಳು ಲುಕ್ ಅಹೆಡ್ ಎನ್ನುತ್ತಾರೆ. ಇದನ್ನು ರೂಢಿಸಿಕೊಳ್ಳಲು ನನಗೆ ಗೊತ್ತಿರುವ ಅತ್ಯುತ್ತಮ ದಾರಿ, ಟೈಮರ್ ಬದಿಗಿಟ್ಟು, ಸೆಕೆಂಡಿಗೆ ಒಂದೋ ಎರಡೋ ತಿರುವಿನಂತೆ, ಎಲ್ಲಿಯೂ ನಿಲ್ಲದೆ ಬಿಡಿಸುವುದು. ಕೈಯನ್ನು ನೋಡಬಾರದು, ತಿರುಗುತ್ತಿರುವ ಜೋಡಿಯನ್ನೂ ನೋಡಬಾರದು. ನಿಲ್ಲಬೇಕಾಗಿ ಬಂದರೆ ಇನ್ನೂ ನಿಧಾನಿಸಬೇಕು. 60 ತಿರುವುಗಳ ಸಾಲ್ವ್ ಸೆಕೆಂಡಿಗೆ ಎರಡರಂತೆ ಎಡೆಬಿಡದೆ ನಡೆದರೆ ಮುಗಿಯುವುದು 30 ಸೆಕೆಂಡಿನಲ್ಲಿ. ಮೂರರಂತೆ ನಡೆದರೆ 20.

1982ರ ಜೂನ್ 5ರಂದು ಬುಡಾಪೆಸ್ಟ್‌ನಲ್ಲಿ ವಿಶ್ವ ಚಾಂಪಿಯನ್ ಆದ ಮಿನ್ ಥಾಯ್ ಎಂಬ ಹದಿನಾರರ ಹುಡುಗನ ಸಮಯ 22.95 ಸೆಕೆಂಡು. ಇವತ್ತು ಹವ್ಯಾಸಕ್ಕೆ ಆಡುವ ಶಾಲಾ ಮಕ್ಕಳೂ ಅದನ್ನು ದಾಟುತ್ತಾರೆ. 2023ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಕ್ಸ್ ಪಾರ್ಕ್ 3.13 ಸೆಕೆಂಡಿಗೆ ಮುಗಿಸಿದರು. ಮನುಷ್ಯರ ಬೆರಳು ನಲವತ್ತು ವರ್ಷದಲ್ಲಿ ಬದಲಾಗಿಲ್ಲ. ಬದಲಾದದ್ದು ವಿಧಾನ, ಅದನ್ನು ಹಂಚಿಕೊಂಡ ರೀತಿ, ಮತ್ತು ಕ್ಯೂಬು.

ಕ್ಯೂಬಿನ ವಿಷಯದಲ್ಲಿ ಹೇಳಲೇಬೇಕಾದ ಮಾತು: ಜಾತ್ರೆಯಲ್ಲೋ ಫ್ಯಾನ್ಸಿ ಸ್ಟೋರಿನಲ್ಲೋ ಸಿಗುವ, ತಿರುಗಿಸಿದರೆ ಕಿರುಗುಟ್ಟಿ ಕಚ್ಚಿಕೊಳ್ಳುವ ಕ್ಯೂಬಿನಲ್ಲಿ ಕಲಿಯುವುದು ಮಕ್ಕಳಿಗೆ ಶಿಕ್ಷೆ. ಈಗ ಒಳಗೆ ಸಣ್ಣ ಆಯಸ್ಕಾಂತಗಳಿರುವ ಸ್ಪೀಡ್ ಕ್ಯೂಬ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಪದರ ತನ್ನ ಜಾಗಕ್ಕೆ ಹತ್ತಿರ ಬಂದಾಗ ಆಯಸ್ಕಾಂತಗಳು ಅದನ್ನು ಸೆಳೆದು ನೆಟ್ಟಗೆ ನಿಲ್ಲಿಸುತ್ತವೆ. ಪದರ ಸ್ವಲ್ಪ ಓರೆಯಿದ್ದರೂ ಅಡ್ಡ ಪದರ ತಿರುಗುತ್ತದೆ. ಸ್ಕ್ರೂ ತಿರುಗಿಸಿ ಬಿಗಿ ಹೊಂದಿಸಿಕೊಳ್ಳಬಹುದು. ಹಾಕುವುದಾದರೆ ಕ್ಯೂಬಿಗೆಂದೇ ಮಾರುವ ಸಿಲಿಕೋನ್ ಲೂಬ್ ಒಂದೆರಡು ಹನಿ ಹಾಕಿ. ಮನೆಯ ತೆಂಗಿನೆಣ್ಣೆ ಬೇಡ, ದೂಳು ಹಿಡಿದು ಅಂಟಾಗುತ್ತದೆ.

ಸ್ಪರ್ಧೆಯ ಮೇಜು

2004ರಲ್ಲಿ ಶುರುವಾದ ವಿಶ್ವ ಕ್ಯೂಬ್ ಸಂಘಟನೆ ಸ್ಪರ್ಧೆಗಳಿಗೆ ಒಂದೇ ನಿಯಮಾವಳಿ ತಂದಿದೆ. ಕ್ಯೂಬನ್ನು ಹೇಗೆ ಕಲಸಬೇಕೆಂದು ಕಂಪ್ಯೂಟರ್ ಹೇಳುತ್ತದೆ, ಒಂದು ಗುಂಪಿನ ಎಲ್ಲ ಸ್ಪರ್ಧಿಗಳಿಗೂ ಒಂದೇ ಕಲಸು. ಮುಚ್ಚಳ ತೆಗೆದ ಮೇಲೆ ನೋಡಲು 15 ಸೆಕೆಂಡು. ಎಂಟನೆಯ ಸೆಕೆಂಡಿಗೆ ಒಮ್ಮೆ, ಹನ್ನೆರಡನೆಯದಕ್ಕೆ ಒಮ್ಮೆ ತೀರ್ಪುಗಾರರು ಕೂಗಿ ಹೇಳುತ್ತಾರೆ. ಈ 15 ಸೆಕೆಂಡುಗಳನ್ನು ಹೊಸಬರು ಬರಿದೇ ಕಳೆಯುತ್ತಾರೆ. ಬಿಳಿಯ ನಾಲ್ಕು ಅಂಚುಗಳು ಕ್ಯೂಬಿನಲ್ಲಿ 1,90,080 ಬಗೆಯಲ್ಲಿ ಹರಡಿರಬಹುದು. ಅವುಗಳಲ್ಲಿ ಯಾವುದಕ್ಕೂ ಎಂಟಕ್ಕಿಂತ ಹೆಚ್ಚು ತಿರುವು ಬೇಕಿಲ್ಲ. ಆದ್ದರಿಂದ ಮೊದಲ ಹೆಜ್ಜೆಯನ್ನು ಪೂರ್ತಿಯಾಗಿ ಮನಸ್ಸಿನಲ್ಲೇ ಯೋಜಿಸಿಟ್ಟುಕೊಳ್ಳಲು ಸಾಧ್ಯ. ಮನೆಯಲ್ಲಿ ನೋಡಿ, ಯೋಜಿಸಿ, ಕಣ್ಣು ಮುಚ್ಚಿಕೊಂಡು ಅಷ್ಟನ್ನು ಮಾಡಿ ನೋಡಿ. ಕೆಲವು ವಾರಗಳಲ್ಲಿ ಬರುತ್ತದೆ.

ಐದು ಸಲ ಬಿಡಿಸಬೇಕು. ಅತಿ ವೇಗದ್ದನ್ನೂ ಅತಿ ನಿಧಾನದ್ದನ್ನೂ ಬಿಟ್ಟು ನಡುವಿನ ಮೂರರ ಸರಾಸರಿಯೇ ಫಲಿತಾಂಶ. ಇದು ಒಳ್ಳೆಯ ಸಂಖ್ಯಾಶಾಸ್ತ್ರ. 72 ಸಲಕ್ಕೊಮ್ಮೆ ಕೊನೆಯ ಹೆಜ್ಜೆ ತಾನಾಗಿಯೇ ಆಗಿಬಿಟ್ಟಿರುತ್ತದೆ; ಇನ್ನೊಮ್ಮೆ ಬೆರಳು ಜಾರಿ ಕ್ಯೂಬೇ ಕೈತಪ್ಪುತ್ತದೆ. ಅದೃಷ್ಟ, ದುರದೃಷ್ಟ ಎರಡನ್ನೂ ತೆಗೆದರೆ ಉಳಿಯುವುದು ಅಭ್ಯಾಸ. ಮನೆಯಲ್ಲೂ ಹೀಗೆಯೇ ಬರೆದಿಟ್ಟುಕೊಳ್ಳಿ. ಒಂದು ಸಲ ಬಂದ ಒಳ್ಳೆಯ ಸಮಯ ಖುಷಿ ಕೊಡುತ್ತದೆ, ನೀವು ಎಲ್ಲಿದ್ದೀರಿ ಎಂದು ಹೇಳುವುದು ಸರಾಸರಿ ಮಾತ್ರ.

ಬೆಂಗಳೂರಿನಲ್ಲೂ ಇಂಥ ಅಧಿಕೃತ ಸ್ಪರ್ಧೆಗಳು ನಡೆಯುತ್ತಿರುತ್ತವೆ. ವಯಸ್ಸಿನ ಕಟ್ಟಳೆಯಿಲ್ಲ, ಎಂಟರ ಹುಡುಗಿ, ಕಾಲೇಜಿನ ಹುಡುಗ, ಅವರ ಅಪ್ಪ ಒಂದೇ ಸುತ್ತಿನಲ್ಲಿ ಕೂರಬಹುದು. ವೇಗ ಬಂದ ಮೇಲೆ ಹೋಗೋಣ ಎಂದು ಕಾಯಬೇಡಿ. ಸಂಘಟಕರು ಇಟ್ಟ ಕಾಲಮಿತಿಯನ್ನು ನೋಡಿಕೊಂಡು, ಅದರೊಳಗೆ ಬಿಡಿಸಲು ಬರುತ್ತದೆ ಎಂದಾದರೆ ಹೆಸರು ಕೊಡಿ. ನಿಮ್ಮದೇ ಕ್ಯೂಬ್ ತೆಗೆದುಕೊಂಡು ಹೋಗಿ, ಮತ್ತು ನಿಮ್ಮ ಸರದಿ ಮುಗಿದ ಮೇಲೆ ವೇಗವಾಗಿ ಬಿಡಿಸುವವರ ಪಕ್ಕದಲ್ಲಿ ನಿಂತು ಅವರ ಬೆರಳನ್ನಲ್ಲ, ಕಣ್ಣನ್ನು ನೋಡಿ.